ಹೊಸಿಲಾಚೆ: ಚೀಲ ಮನೆಯಲ್ಲೇ ಇರಲಿ

ಶಿವರಾತ್ರಿಗೆ ಚಳಿ 'ಶಿವ ಶಿವಾ' ಅಂತ ಓಡಿಹೋಗುತ್ತದೆ ಎನ್ನುವುದು ನಮ್ಮ ಹಿರಿಯರ ಮಾತು. ಓಡುವ ಚಳಿ ಪೂರ್ತಿ ಓಡುವುದಿಲ್ಲ. ಯುಗಾದಿಯವರೆಗೆ ಬೆಳಗಿನ ಹೊತ್ತು ಅಂಗಳದ ಮೂಲೆಯಲ್ಲಿ, ಮರದ ಬುಡದಲ್ಲಿ ಸ್ವಲ್ಪ ಸ್ವಲ್ಪ ಉಳಿದಿರುತ್ತದೆ. ಆರೂವರೆಗೆ ಹೊರಗೆ ಬಂದರೆ ಸೆರಗು ಹೊದೆಯಬೇಕೆನಿಸುತ್ತದೆ, ಒಂಬತ್ತಕ್ಕೆ ಅದೇ ಸೆರಗಿನಿಂದ ಹಣೆ ಒರೆಸಿಕೊಳ್ಳಬೇಕಾಗುತ್ತದೆ. ವರ್ಷದಲ್ಲಿ ಇಂಥ ನಾಲ್ಕು ವಾರ ಮತ್ತೆ ಸಿಗುವುದಿಲ್ಲ. ಅದಕ್ಕೇ ಈ ಸಲ ಒಗ್ಗರಣೆ, ಉಪ್ಪಿನಕಾಯಿಗಳ ಮಾತು ಕಡಿಮೆ, ತಿರುಗಾಟದ ಮಾತು ಹೆಚ್ಚು.

ಹಾಸನದ ಕಡೆಯ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಆದ್ದರಿಂದ ಬರೆಯುವುದಿಲ್ಲ. ವಯಸ್ಸು ಐವತ್ತನಾಲ್ಕು. ಯಜಮಾನರು ತೀರಿಕೊಂಡು ಒಂದೂವರೆ ವರ್ಷವಾಗಿದೆ. ದಿನಾ ಅರ್ಧ ಗಂಟೆ ನಡೆಯಬೇಕೆಂದು ಡಾಕ್ಟರು ಹೇಳಿದ್ದಾರಂತೆ. "ನಾನು ಹೊರಡುವಾಗ ಕೈಯಲ್ಲಿ ಒಂದು ಬಟ್ಟೆ ಚೀಲ ಹಿಡಿದುಕೊಳ್ಳುತ್ತೇನೆ. ಚೀಲ ಇದ್ದರೆ ಸೊಪ್ಪಿಗೆ ಹೊರಟಿದ್ದಾರೆ ಅಂದುಕೊಂಡು ಸುಮ್ಮನಿರುತ್ತಾರೆ. ಬರಿಗೈಯಲ್ಲಿ ಹೊರಟ ದಿನ ನಾಲ್ಕು ಮನೆಯವರು 'ಎಲ್ಲಿಗೆ ಹೊರಟ್ರಿ?' ಅಂತ ಕೇಳುತ್ತಾರೆ. 'ಸುಮ್ನೆ' ಅಂದರೆ ಮುಖ ಮುಖ ನೋಡುತ್ತಾರೆ. ದಿನಾ ಸೊಪ್ಪು ತಂದು ತಂದು ಮಗ ಸೊಸೆಗೂ ಸಾಕಾಗಿದೆ" ಎಂದು ಬರೆದಿದ್ದಾರೆ.

ಕೊನೆಯ ವಾಕ್ಯ ಓದಿ ನಕ್ಕೆ. ಆಮೇಲೆ ನಗು ನಿಂತಿತು. ನೀವೇ ಯೋಚಿಸಿ. ದೇವಸ್ಥಾನಕ್ಕೆ ಹೊರಟರೆ ಯಾರೂ ಕೇಳುವುದಿಲ್ಲ. ರೇಷನ್ನಿಗೆ, ಆಸ್ಪತ್ರೆಗೆ, ಮೊಮ್ಮಗನ ಸ್ಕೂಲ್ ವ್ಯಾನಿಗೆ, ಯಾವುದಕ್ಕೆ ಹೊರಟರೂ ಸರಿ. ಮನೆಯ ಗಂಡಸರು ಊಟ ಮಾಡಿ 'ಒಂದು ರೌಂಡ್ ಹೋಗ್ಬರ್ತೀನಿ' ಎಂದು ಚಪ್ಪಲಿ ಮೆಟ್ಟಿದರೆ ಅದಕ್ಕೆ ಕಾರಣ ಬೇಕಿಲ್ಲ. ಹೆಂಗಸು ಮಾತ್ರ ಏನಾದರೊಂದು ಕೆಲಸದ ಹಿಂದೆಯೇ ನಡೆಯಬೇಕು. ಅದರಲ್ಲೂ ಗಂಡನನ್ನು ಕಳೆದುಕೊಂಡವಳು ಮರ ನೋಡಿಕೊಂಡು, ಹಕ್ಕಿ ನೋಡಿಕೊಂಡು ಸಂತೋಷವಾಗಿ ಬಂದಳು ಎಂದರೆ ಇವತ್ತಿಗೂ ಹುಬ್ಬೇರಿಸುವವರಿದ್ದಾರೆ. ಕಾಲ ಬದಲಾಗಿದೆ ಅನ್ನುತ್ತೇವೆ. ಬೀದಿಯ ನಾಲ್ಕು ಮನೆ ಅಷ್ಟು ಬೇಗ ಬದಲಾಗುವುದಿಲ್ಲ.

ಕಾರಣ ಬೇಕೇ ಬೇಕು ಎನ್ನುವವರಿಗೆ ನಾನು ಕಾರಣ ಕೊಡುತ್ತೇನೆ. "ಹೊಂಗೆ ಚಿಗುರಿದೆಯಾ ನೋಡೋಕೆ ಹೊರಟೆ ಕಣ್ರೀ" ಅನ್ನಿ. ಕೇಳಿದವರು ಸುಮ್ಮನಾಗುತ್ತಾರೆ, ಇಲ್ಲವೇ ಜೊತೆಗೆ ಬರುತ್ತಾರೆ.

ನಮ್ಮ ಮನೆಗಳಲ್ಲಿ ವಸಂತಕ್ಕೆ ಇನ್ನೂ ಒಬ್ಬ ಶತ್ರು ಉಂಟು, ಪರೀಕ್ಷೆ. ಮಾವು ಹೂ ಬಿಡುವ ಹೊತ್ತಿಗೆ ಪ್ರಿಪರೇಟರಿ. ಕೋಗಿಲೆ ಕೂಗುವ ಹೊತ್ತಿಗೆ ಪಿ.ಯು.ಸಿ., ಅದರ ಬೆನ್ನಿಗೇ ಎಸ್ಸೆಸ್ಸೆಲ್ಸಿ. ಟಿ.ವಿ. ಬಂದ್, ನೆಂಟರು ಬಂದ್, ತಾಯಂದಿರು ಬಾಗಿಲ ಬಳಿ ಕಾವಲು. ಹುಡುಗಿ ಓದುತ್ತಿದ್ದಾಳೆ ಎಂದು ಕುಕ್ಕರಿನ ಸೀಟಿಯನ್ನೂ ಮೆಲ್ಲಗೆ ಕೂಗಿಸುವ ಮನೆಗಳಿವೆ! ಬೆಳಗ್ಗೆ ಐದಕ್ಕೆ ಎದ್ದು ಓದಿದ ಮಗುವನ್ನು ಆರೂವರೆಗೆ ಎಬ್ಬಿಸಿಕೊಂಡು ಬೀದಿ ಕೊನೆಯವರೆಗೆ ಹೋಗಿ ಬನ್ನಿ. ಇಪ್ಪತ್ತು ನಿಮಿಷದಲ್ಲಿ ಯಾವ ರ‍್ಯಾಂಕೂ ಓಡಿಹೋಗುವುದಿಲ್ಲ. ಕಣ್ಣಿಗೆ ಹಸಿರು ಬಿದ್ದರೆ ತಲೆಯೂ ಹಗುರ. ತಿರುಗಾಡುವಾಗ ಪಾಠದ ಸುದ್ದಿ ಮಾತ್ರ ಎತ್ತಬೇಡಿ, ಅಷ್ಟೇ ನಿಯಮ.

ನೋಡುವುದಕ್ಕೆ ದೂರ ಹೋಗಬೇಕಿಲ್ಲ. ಮೊದಲು ಸ್ವಂತ ಬೀದಿ.

ಹೊಂಗೆ ಈಗ ಹಳೆ ಎಲೆ ಉದುರಿಸುತ್ತಿದೆ. ಬಾಗಿಲು ಗುಡಿಸಿ ಗುಡಿಸಿ ನಿಮಗೆ ಬೇಜಾರಾಗಿರಬಹುದು. ಇನ್ನು ಹದಿನೈದು ದಿನ ತಾಳಿ. ಎಣ್ಣೆ ಸವರಿದಂತೆ ಹೊಳೆಯುವ ತಿಳಿಹಸಿರು ಚಿಗುರು ಬರುತ್ತದೆ. ಸುತ್ತಲಿನ ಮರಗಳೆಲ್ಲ ಬಿಸಿಲಿಗೆ ಬಾಡುವಾಗ ಹೊಂಗೆಯೊಂದು ಹೊಸ ಸೀರೆ ಉಟ್ಟು ನಿಂತಿರುತ್ತದೆ. 'ಹೊಂಗೆಯ ನೆರಳು' ಎಂದು ನಮ್ಮವರು ಸುಮ್ಮನೆ ಹೊಗಳಿಲ್ಲ. ಬೇವು ಕೂಡ ಹೀಗೆಯೇ. ಯುಗಾದಿಯ ಬೇವು ಬೆಲ್ಲಕ್ಕೆ ಬೇಕಾದ ಹೂವನ್ನು ಅದು ಹೊತ್ತಿಗೆ ಸರಿಯಾಗಿ ಒದಗಿಸುತ್ತದೆ. ಅರಳಿಯ ಚಿಗುರು ಮಾತ್ರ ತಾಮ್ರದ ಬಣ್ಣ. ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದಾಗ ನೋಡಬೇಕು. ಬೆಂಗಳೂರಿನವರಿಗೆ ಹಳದಿ, ಗುಲಾಬಿ ಟಬೇಬುಯಾ ಮರಗಳಿವೆ. ದಕ್ಷಿಣ ಅಮೆರಿಕದಿಂದ ಬಂದ ಮರ, ಆದರೂ ಒಂದು ಎಲೆಯನ್ನೂ ಉಳಿಸಿಕೊಳ್ಳದೆ ಹೂ ಬಿಡುವಾಗ ಯಾರಿಗೂ ಅದು ಪರದೇಶಿ ಅನ್ನಿಸುವುದಿಲ್ಲ.

ಊರು ದಾಟಿದರೆ ಮುತ್ತುಗ. ಇದರ ಎಲೆಯಲ್ಲಿ ನಮ್ಮ ಅಜ್ಜಿಯರು ಊಟದ ಎಲೆ ಹಚ್ಚುತ್ತಿದ್ದರು, ನಿಮಗೂ ನೆನಪಿರಬಹುದು. ಈಗ ಎಲೆ ಇರುವುದಿಲ್ಲ. ಬೋಳು ಕೊಂಬೆಯ ತುಂಬ ಗಿಣಿಯ ಕೊಕ್ಕಿನಂತೆ ಬಾಗಿದ ಕೇಸರಿ ಹೂ. ಬೂರುಗದ ಮರವೂ ಹಾಗೆಯೇ, ಅಂಗೈಯಗಲ ಕೆಂಪು ಹೂ ಹೊತ್ತು ನಿಂತಿರುತ್ತದೆ. ಇವೆರಡರಲ್ಲಿ ಯಾವುದಾದರೂ ಒಂದು ಮರ ಸಿಕ್ಕರೆ ಅದರ ಕೆಳಗೆ ಹತ್ತು ನಿಮಿಷ ನಿಲ್ಲಿ. ಹಕ್ಕಿ ಹುಡುಕಿಕೊಂಡು ಹೋಗುವ ಶ್ರಮವಿಲ್ಲ. ಜೇನು ಕುಡಿಯಲು ಮೈನಾ, ಕಾಜಾಣ, ಸೂರಕ್ಕಿ ಎಲ್ಲ ಅಲ್ಲಿಗೇ ಬರುತ್ತವೆ, ಅಳಿಲೂ ಬರುತ್ತದೆ. ಮದುವೆ ಮನೆಯ ಎರಡನೇ ಪಂಕ್ತಿಯ ಗಲಾಟೆಯೇ ಸರಿ.

ಕಣ್ಣು ಮಂಜಾದವರು ಬೇಸರಿಸಬೇಕಾಗಿಲ್ಲ, ಈ ತಿಂಗಳು ಕಿವಿಗೆ ಹಬ್ಬ. ಚಳಿಗಾಲವಿಡೀ ಬಾಯಿ ಬಿಗಿದುಕೊಂಡಿದ್ದ ಮಡಿವಾಳ ಹಕ್ಕಿ ಈಗ ಬೆಳಗಿನ ಜಾವಕ್ಕೇ ಟಿ.ವಿ. ಆಂಟೆನಾ ಮೇಲೋ ಮರದ ತುದಿಯಲ್ಲೋ ಕೂತು ಸೀಟಿ ಹಾಕುತ್ತದೆ. ಕಪ್ಪು ಬಿಳುಪು ಮೈ, ಬಾಲ ಮೇಲೆತ್ತಿ ಕೂರುವ ಠೀವಿ. ಇನ್ನೊಂದು, ಬಿಸಿಲೇರಿದ ಮೇಲೆ ಎಲ್ಲಿಂದಲೋ 'ಟುಕ್... ಟುಕ್... ಟುಕ್...' ಎಂದು ಒಂದೇ ಸಮನೆ ಕೇಳುವ ಸದ್ದು. ಕಂಚುಗಾರ ಪಾತ್ರೆ ಬಡಿದ ಹಾಗೆ. ಅದು ಗುಬ್ಬಚ್ಚಿಗಿಂತ ಸ್ವಲ್ಪ ದಪ್ಪಗಿರುವ ಹಸಿರು ಹಕ್ಕಿ, ಹಣೆಯಲ್ಲಿ ಕೆಂಪು, ಕುಂಕುಮ ಇಟ್ಟಂತೆ. ಅದರ ದೊಡ್ಡಕ್ಕನಂತಿರುವ ಕುಟ್ರು ಹಕ್ಕಿ 'ಕುಟ್ರೂ ಕುಟ್ರೂ' ಎಂದು ತನ್ನ ಹೆಸರನ್ನೇ ಕೂಗುತ್ತದೆ.

ಕೋಗಿಲೆಯ ವಿಷಯದಲ್ಲಿ ನಮ್ಮ ಕವಿಗಳು ಹೆಣ್ಣುಮಕ್ಕಳಿಗೆ ಇಲ್ಲದ ಹೆಸರು ಕೊಟ್ಟಿದ್ದಾರೆ. ಇಂಪಾಗಿ ಹಾಡುವ ಹುಡುಗಿಗೆ ಕೋಗಿಲೆಯ ಕಂಠ ಅನ್ನುತ್ತೇವಲ್ಲ, 'ಕುಹೂ' ಎಂದು ಹಾಡುವುದು ಗಂಡು! ಮಿರಮಿರ ಮಿಂಚುವ ಕಪ್ಪು, ಕೆಂಪು ಕಣ್ಣು. ಹೆಣ್ಣಿನದು ಕಂದು ಮೈ, ತುಂಬ ಬಿಳಿ ಚುಕ್ಕೆ. ಅವಳ ಬಾಯಿಂದ ಬರುವುದು 'ಕಿಕ್ ಕಿಕ್ ಕಿಕ್' ಎಂಬ ಕಿರುಚಾಟ. ಗೂಡು ಕಟ್ಟುವ ಗೋಜಿಗೆ ಇಬ್ಬರೂ ಹೋಗುವುದಿಲ್ಲ, ಮೊಟ್ಟೆ ಕಾಗೆಯ ಪಾಲಿಗೆ. ಕಾಗೆಗಳು ಕಡ್ಡಿ, ತಂತಿ ಚೂರು ಕಚ್ಚಿಕೊಂಡು ಓಡಾಡಲು ಶುರುಮಾಡುವ ಹೊತ್ತಿಗೆ ಸರಿಯಾಗಿ ಕೋಗಿಲೆಯ ಹಾಡು ಏಕೆ ಜೋರಾಗುತ್ತದೆ ಎಂದು ಈಗ ತಿಳಿಯಿತಲ್ಲ?

ಇದಕ್ಕೆ ತದ್ವಿರುದ್ಧ ನಮ್ಮ ಸೂರಕ್ಕಿ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಜೀವ. ಗೂಡಿನ ಕೆಲಸ ಹೆಚ್ಚುಕಡಿಮೆ ಪೂರ್ತಿ ಹೆಣ್ಣಿನದೇ. ನಾರು, ಜೇಡರ ಬಲೆ, ತೊಗಟೆಯ ಚೂರು, ಹುಳುವಿನ ಹಿಕ್ಕೆ ಎಲ್ಲ ಸೇರಿಸಿ ಜೋತಾಡುವ ಒಂದು ಪುಟ್ಟ ಸಂಚಿ ಹೆಣೆಯುತ್ತದೆ. ಪಕ್ಕದಲ್ಲಿ ಬಾಗಿಲು, ಬಾಗಿಲಿಗೊಂದು ಮಾಡು. ಗಂಡು ಪಕ್ಕದ ರೆಂಬೆಯಲ್ಲಿ ಕೂತು ಹಾಡುತ್ತಿರುತ್ತದೆ (ಯಾರ ಮನೆಯ ಕತೆಯೂ ಅಲ್ಲ, ಹಕ್ಕಿಯ ವಿಷಯ ಹೇಳುತ್ತಿದ್ದೇನೆ!). ಮರಿಯಾದ ಮೇಲೆ ಮಾತ್ರ ಅದೂ ತುತ್ತು ತಂದು ಕೊಡುತ್ತದೆ. ಸೂರಕ್ಕಿಗೆ ಮನೆಯ ಹತ್ತಿರವೇ ಇಷ್ಟ. ವರಾಂಡದ ತಂತಿ, ದಾಸವಾಳದ ರೆಂಬೆ, ಒಮ್ಮೊಮ್ಮೆ ಬಟ್ಟೆ ಒಣಹಾಕುವ ಹಗ್ಗವೂ ಆಗುತ್ತದೆ. ಹಾಗೇನಾದರೂ ಆದರೆ ಒಂದು ತಿಂಗಳು ಬಟ್ಟೆಯನ್ನು ಬೇರೆ ಕಡೆ ಒಣಹಾಕಿ. ಮೊಟ್ಟೆಯಿಂದ ಮರಿ ಹಾರುವವರೆಗೆ ಸುಮಾರು ಅಷ್ಟೇ ಕಾಲ. ಗೂಡಿನೊಳಗೆ ಬೆರಳು ಹಾಕಿ ನೋಡುವ ಮಕ್ಕಳಿಗೆ ದೂರದಿಂದ ನೋಡುವುದನ್ನು ಕಲಿಸಿ.

ನಾನಿರುವುದು ಮೈಸೂರಿನಲ್ಲಿ, ಆದ್ದರಿಂದ ನಮ್ಮ ಕುಕ್ಕರಹಳ್ಳಿ ಕೆರೆಯ ಮಾತು ಸ್ವಲ್ಪ ಹೇಳದೆ ಇರಲಾರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕೆರೆ. ಬೇಸಾಯಕ್ಕೆಂದು ಆದದ್ದು, ಈಗ ಊರಿನವರ ಉಸಿರಾಟಕ್ಕಾಗಿದೆ. ಕುವೆಂಪು ಅವರು ದಿನವೂ ನಡೆದಾಡುತ್ತಿದ್ದ ಏರಿ ಇದು. ಬೆಳಗ್ಗೆ ಇಲ್ಲಿ ನೂರಾರು ಜನ ಬರುತ್ತಾರೆ. ಅರ್ಧದಷ್ಟು ಮಂದಿ ಕೈಗಡಿಯಾರ ನೋಡಿಕೊಂಡು, ಕಿವಿಗೆ ತಂತಿ ಸಿಕ್ಕಿಸಿಕೊಂಡು, ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ ನಡೆಯುತ್ತಾರೆ. ನಡೆಯಲಿ, ಸಕ್ಕರೆ ಕಾಯಿಲೆಗೆ ಒಳ್ಳೆಯದು. ನಾನು ಹೇಳುವ ನಡಿಗೆ ಬೇರೆ. ಹತ್ತು ಹೆಜ್ಜೆ ನಡೆ, ನಿಲ್ಲು, ನೋಡು. ಕೆರೆ ಪೂರ್ತಿ ಸುತ್ತಲೇಬೇಕೆಂಬ ಹಟ ಬೇಡ.

ಹೀಗೆ ನಿಂತು ನೋಡುವವರಿಗೆ ನೀರಿನ ನಡುವಿನ ಮರಗಳಲ್ಲಿ ಕೂತ ಹೆಜ್ಜಾರ್ಲೆ ಕಾಣುತ್ತದೆ. ಹಾರುವಾಗ ಇಷ್ಟು ದೊಡ್ಡ ಮೈ ಹೇಗೆ ಮೇಲೆದ್ದಿತು ಎನ್ನಿಸುವಂಥ ಹಕ್ಕಿ, ಕೊಕ್ಕಿನ ಕೆಳಗೆ ಜೋಳಿಗೆ. ನೀರುಕಾಗೆಗಳು ಕಲ್ಲಿನ ಮೇಲೆ ರೆಕ್ಕೆ ಹರವಿ, ಒಗೆದ ಬಟ್ಟೆ ಒಣಹಾಕಿದಂತೆ ಕೂತಿರುತ್ತವೆ. ಹಾವಕ್ಕಿ ನೀರಿನಿಂದ ಕತ್ತು ಮಾತ್ರ ಹೊರಗಿಟ್ಟು ಈಜುವಾಗ ಹಾವೇ ಎಂದು ಮಕ್ಕಳು ಕೂಗುವುದುಂಟು. ಮಿಂಚುಳ್ಳಿಯ ನೀಲಿಗೆ ಹೋಲಿಸಲು ನಮ್ಮ ಮೈಸೂರು ರೇಷ್ಮೆಯಲ್ಲೂ ಒಂದು ಬಣ್ಣ ಸಿಗಲಿಕ್ಕಿಲ್ಲ. ನಿಮ್ಮೂರಿನಲ್ಲಿ ಕುಕ್ಕರಹಳ್ಳಿ ಇಲ್ಲದಿರಬಹುದು, ಒಂದು ಕೆರೆ, ಕಟ್ಟೆ, ಊರ ಹಿಂದಿನ ಹಳ್ಳವಾದರೂ ಇದ್ದೇ ಇರುತ್ತದೆ. ಹೂಳು ತುಂಬಿ ಅರ್ಧ ಒಣಗಿದ್ದರೂ ಪರವಾಗಿಲ್ಲ. ಈ ಕಾಲದಲ್ಲಿ ನೀರು ಇಳಿದ ಕೆಸರಿನಲ್ಲೇ ಕೊಕ್ಕರೆ, ಬೆಳ್ಳಕ್ಕಿಗಳಿಗೆ ಊಟ.

ಒಂದು ಇಡೀ ದಿನ ಬಿಡುವು ಮಾಡಿಕೊಳ್ಳಬಲ್ಲವರು ಕೊಕ್ಕರೆ ಬೆಳ್ಳೂರಿಗೆ ಹೋಗಿ ಬನ್ನಿ. ಮಂಡ್ಯ ಜಿಲ್ಲೆ, ಮದ್ದೂರು ತಾಲ್ಲೂಕು, ಶಿಂಷಾ ಹೊಳೆಯ ಹತ್ತಿರ. ಬೆಂಗಳೂರು ಮೈಸೂರು ಹಳೆಯ ರಸ್ತೆಯಲ್ಲಿ ಚನ್ನಪಟ್ಟಣಕ್ಕೂ ಮದ್ದೂರಿಗೂ ನಡುವೆ ರುದ್ರಾಕ್ಷಿಪುರದ ಹತ್ತಿರ ತಿರುಗಬೇಕು. ಅಲ್ಲಿಂದ ಹನ್ನೆರಡು ಕಿಲೋಮೀಟರ್. ಹೊಸ ಹೆದ್ದಾರಿಯಲ್ಲಿ ಕಾರು ಬಿಟ್ಟರೆ ಊರುಗಳೂ ತಪ್ಪುತ್ತವೆ, ತಿರುವೂ ತಪ್ಪುತ್ತದೆ, ಜೋಪಾನ. ಬಸ್ಸಿನವರು ಮದ್ದೂರಿನಲ್ಲಿ ಇಳಿದು ಬೆಳ್ಳೂರಿನ ಬಸ್ಸಿನ ವೇಳೆ ಕೇಳಿಕೊಳ್ಳಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ತೀರ್ಥಕ್ಷೇತ್ರಗಳಿಗೆ ತುಂಬಿಕೊಂಡು ಹೋದರು, ಒಳ್ಳೆಯದೇ ಆಯಿತು. ಅದೇ ಸಾಮಾನ್ಯ ಬಸ್ಸು ಹಕ್ಕಿ ನೋಡುವುದಕ್ಕೂ ಕರೆದುಕೊಂಡು ಹೋಗುತ್ತದೆ ಎಂದು ನೆನಪಿಸುತ್ತಿದ್ದೇನೆ, ಅಷ್ಟೆ. ಗುರುತಿನ ಚೀಟಿ ಮರೆಯಬೇಡಿ.

ಇದು ಬೇಲಿ ಹಾಕಿದ ಪಕ್ಷಿಧಾಮವಲ್ಲ, ಜನ ವಾಸವಿರುವ ಹಳ್ಳಿ. ಹುಲ್ಲಿನ ಬಣವೆ, ಎಮ್ಮೆ, ನಲ್ಲಿ ಮುಂದೆ ಕೊಡಗಳ ಸಾಲು. ಅದರ ನಡುವೆಯೇ ಹುಣಿಸೆಮರ, ಆಲದಮರಗಳ ತುದಿಯಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳ ಗೂಡು. ಚಳಿ ಶುರುವಾಗುವ ಮುನ್ನವೇ ಹೆಜ್ಜಾರ್ಲೆಗಳು ಬರತೊಡಗುತ್ತವೆ. ಸಂಕ್ರಾಂತಿಯ ಆಚೀಚೆ ಕೊಕ್ಕರೆಗಳು ಜೊತೆಯಾಗುತ್ತವೆ. ಈಗ, ಶಿವರಾತ್ರಿಯ ಹೊತ್ತಿಗೆ, ಮರವೆಲ್ಲ ಮಕ್ಕಳ ಮನೆ. ಮಳೆಗಾಲಕ್ಕೆ ಮೊದಲು ಮರಿಗಳನ್ನು ಕಟ್ಟಿಕೊಂಡು ಹೊರಟುಹೋಗುತ್ತವೆ.

ಊರು ಮೊದಲು ಶಿಂಷಾ ದಡದಲ್ಲೇ ಇತ್ತಂತೆ. 1916ರಲ್ಲಿ ಪ್ಲೇಗು ಬಂದು ಜನ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಊರಿನವರು ಹೇಳುತ್ತಾರೆ. ಹೊರಗಿನ ಲೋಕಕ್ಕೆ ಈ ಊರನ್ನು ಎತ್ತಿ ತೋರಿಸಿದವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು, 1976ರಲ್ಲಿ. 1980ರ ದಶಕದಲ್ಲಿ ಬೆಂಗಳೂರಿನ ಬೀದಿ ಬೀದಿಗಳಲ್ಲಿ ಲಕ್ಷಗಟ್ಟಲೆ ಗಿಡ ನೆಡಿಸಿದವರೂ ಇವರೇ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಕಾಗದದ ಮೇಲೆ ಘೋಷಣೆ 2007ರದಾದರೂ ಹಕ್ಕಿಗಳನ್ನು ಕಾದುಕೊಂಡು ಬಂದದ್ದು ಮನೆ ಮನೆಯ ಜನ.

ಕಾಯುವುದು ಸುಲಭ ಅಂದುಕೊಳ್ಳಬೇಡಿ. ಹಕ್ಕಿಗಳು ಗೂಡು ಕಟ್ಟುವುದು ಹೆಚ್ಚಾಗಿ ಹುಣಿಸೆಮರದಲ್ಲಿ. ಹುಣಿಸೆಹಣ್ಣು ಬಡಿಯುವ ಕಾಲವೂ ಇದೇ. ಬಡಿದರೆ ಗೂಡು ಹೋಯಿತು, ಬಡಿಯದಿದ್ದರೆ ವರ್ಷದ ಹಣ್ಣು ಹೋಯಿತು. ನಮಗೆ ಕಿಲೋ ಹುಣಿಸೆಹಣ್ಣಿನ ಬೆಲೆ ಗೊತ್ತಿದೆ, ಒಂದು ದೊಡ್ಡ ಮರದ ಹಣ್ಣು ಬಿಡುವುದೆಂದರೆ ಏನೆಂದು ಯಾವ ಗೃಹಿಣಿಗೂ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಅರಣ್ಯ ಇಲಾಖೆ ಮರಕ್ಕಿಷ್ಟು ಎಂದು ಪರಿಹಾರ ಕೊಡುವುದುಂಟು. ಹಣ್ಣಿಗೆ ಅದು ಸಮವಾದೀತೇ ಎಂಬುದು ಬೇರೆ ಪ್ರಶ್ನೆ. ಮೇಲೆ ವಾಸನೆ. ಮೀನು ತಿನ್ನುವ ಹಕ್ಕಿಗಳ ಹಿಕ್ಕೆ ಅಂಗಳದಲ್ಲಿ, ಹೆಂಚಿನ ಮೇಲೆ, ಒಣಹಾಕಿದ ಸೀರೆಯ ಮೇಲೆ! ಅದೇ ಹಿಕ್ಕೆಯನ್ನು ಮಣ್ಣಿನೊಂದಿಗೆ ಸೇರಿಸಿ ಗೊಬ್ಬರ ಮಾಡಿಕೊಳ್ಳುತ್ತಾರೆ, ಹೊಲಕ್ಕೆ ಒಳ್ಳೆಯದೇ. ಆದರೂ ಗುಡಿಸುವವರು ಯಾರು ಹೇಳಿ?

ಕಳೆದ ಸಲ ಹೋದಾಗ ನಮ್ಮತ್ತೆಯವರನ್ನೂ ನಾದಿನಿಯನ್ನೂ ಕರೆದುಕೊಂಡು ಹೋಗಿದ್ದೆ. ಅತ್ತೆಗೆ ಎಪ್ಪತ್ತಾರು. ಮಾವನವರು ಹೋದಮೇಲೆ ಮದುವೆ ಮುಂಜಿ ಬಿಟ್ಟರೆ ಬೇರೆಲ್ಲಿಗೂ ಬಂದವರಲ್ಲ. "ನಂಗ್ಯಾಕೆ ಈ ವಯಸ್ಸಲ್ಲಿ ಹಕ್ಕಿ ಗಿಕ್ಕಿ, ನೀವು ಹೋಗ್ಬನ್ನಿ" ಅಂದವರು, "ನೀವು ಬರದಿದ್ರೆ ನಾವೂ ಹೋಗಲ್ಲ ಅತ್ತೆ" ಎಂದು ಹಟ ಹಿಡಿದಮೇಲೆ ಎದ್ದರು. ಊರಿನಲ್ಲಿ ಒಂದು ಮನೆಯ ಜಗಲಿಯಲ್ಲಿ ನೆರಳಿಗೆ ಕೂತೆವು. ಆ ಮನೆಯ ಅಜ್ಜಿ ಹೊರಗೆ ಬಂದು ನೀರು ಕೊಟ್ಟರು. ಮನೆಯ ಮುಂದಿನ ಹುಣಿಸೆಮರದಲ್ಲಿ ಗೂಡುಗಳು. ನೆಲವೆಲ್ಲ ಸುಣ್ಣ ಎರಚಿದಂತೆ ಬಿಳಿ. ನನ್ನ ನಾದಿನಿ ಮೂಗು ಮುಚ್ಚಿಕೊಂಡು, "ದಿನಾ ಹೇಗಜ್ಜಿ ಇದನ್ನ ತಡಕೊಳ್ತೀರ? ಓಡಿಸಬೇಕು ಅನ್ನಿಸಲ್ವಾ?" ಎಂದು ಕೇಳಿದಳು.

ಅಜ್ಜಿ ಅವಳನ್ನೇ ನೋಡಿದರು. "ಹೆಣ್ಮಕ್ಳು ಬಾಣ್ತನಕ್ಕೆ ಅಂತ ತವ್ರಿಗೆ ಬಂದವ್ರೆ ಕನವ್ವ. ಗಲೀಜು ಮಾಡ್ತವೆ ಅಂತ ಓಡ್ಸಕಾದದಾ? ನೀನು ಬಾಣ್ತನಕ್ಕೆ ಹೋದಾಗ ನಿಮ್ಮವ್ವ ಓಡ್ಸುದ್ಲಾ?"

ಈ ಮಾತು ಆ ಊರಿನಲ್ಲಿ ಯಾರನ್ನು ಕೇಳಿದರೂ ಸಿಗುತ್ತದೆ. ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುವುದು ಅಲ್ಲಿಯ ನಂಬಿಕೆ. ಪುಸ್ತಕದಲ್ಲಿ ನಾನೂ ಓದಿದ್ದೆ. ಹಿಕ್ಕೆ ಗುಡಿಸಿ ಗುಡಿಸಿ ಸೊಂಟ ಬಾಗಿದವರ ಬಾಯಿಂದ ಕೇಳಿದಾಗ ಅದರ ತೂಕವೇ ಬೇರೆ. ನಾದಿನಿ ಮೂಗಿನಿಂದ ಸೆರಗು ತೆಗೆದಳು.

ನಾವಿಬ್ಬರೂ ಊರು ಸುತ್ತಿ ಬಂದೆವು. ಬಣ್ಣದ ಕೊಕ್ಕರೆಯನ್ನು ಅಷ್ಟು ಹತ್ತಿರದಿಂದ ನೋಡಲು ಇನ್ನೆಲ್ಲೂ ಆಗದು. ಹಳದಿ ಕೊಕ್ಕು, ಕಿತ್ತಳೆ ಮುಖ, ಬೆನ್ನ ಹಿಂದೆ ಗುಲಾಬಿ ಗರಿ, ಸೆರಗು ಇಳಿಬಿಟ್ಟಂತೆ. ಒಂದು ವಿಶೇಷ ಕೇಳಿ. ದೊಡ್ಡ ಕೊಕ್ಕರೆಗೆ ಕೂಗಲು ಬರುವುದಿಲ್ಲ, ಕೊಕ್ಕಿಗೆ ಕೊಕ್ಕು ಬಡಿದು 'ಕಟಕಟ' ಸದ್ದು ಮಾಡುತ್ತದೆ, ಅಷ್ಟೇ ಅದರ ಮಾತು. ಮರಿಗಳದ್ದು ಮಾತ್ರ ಇಡೀ ಊರಿಗೆ ಕೇಳುವ ರಂಪ. ಬಿಸಿಲೇರಿದಾಗ ತಾಯಿಯೋ ತಂದೆಯೋ ಒಬ್ಬರು ಗೂಡಿನ ಅಂಚಿನಲ್ಲಿ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಮಾಡಿ ನಿಂತಿರುತ್ತಾರೆ. ಹೆಜ್ಜಾರ್ಲೆಯ ಮರಿ ಊಟಕ್ಕೆ ಅಮ್ಮನ ಜೋಳಿಗೆಯೊಳಕ್ಕೇ ತಲೆ ತೂರಿಸುತ್ತದೆ, ಡಬ್ಬದ ತಳದ ಉಂಡೆಗೆ ಕೈ ಹಾಕುವ ನಮ್ಮ ಮಕ್ಕಳಂತೆ.

ಎಲ್ಲವೂ ಚೆನ್ನಾಗಿದೆ ಎಂದೇನಿಲ್ಲ. ಎತ್ತರದ ಗೂಡಿನಿಂದ ಮರಿಗಳು ಬೀಳುತ್ತವೆ. ಬಿದ್ದವನ್ನು ಎತ್ತಿ, ಮೀನು ತಿನ್ನಿಸಿ ಸಾಕಲು ಊರಿನವರದೇ ಹೆಜ್ಜಾರ್ಲೆ ಬಳಗವಿದೆ. 2017ರ ಕೊನೆ, 2018ರ ಮೊದಲ ತಿಂಗಳುಗಳಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಹೊಟ್ಟೆಯಲ್ಲಿ ಜಂತುಹುಳು ಸಿಕ್ಕಿತು. ಅವು ತಿನ್ನುವ ಮೀನಿನಿಂದ ಬಂದ ಹುಳು. ಸುತ್ತಲಿನ ಕೆರೆ, ಹೊಳೆ ಹೇಗಿವೆಯೋ ಹಕ್ಕಿಯ ಹೊಟ್ಟೆಯೂ ಹಾಗೆ. ಮರಗಳೂ ಮುದಿಯಾಗುತ್ತಿವೆ. ಮನೆ ಕಟ್ಟುವವರಿಗೆ ಜಾಗ ಬೇಕು, ಮಗಳ ಮದುವೆಗೆ ಹಣ ಬೇಕು, ಆಗ ಹುಣಿಸೆಮರ ಉಳಿಯುತ್ತದೆಯೇ? ಪಟ್ಟಣದಿಂದ ಒಂದು ದಿನಕ್ಕೆ ಬಂದು 'ಮರ ಕಡಿಯಬೇಡಿ' ಎಂದು ಉಪದೇಶ ಮಾಡಿ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಹೋದವರು ಅಲ್ಲೇ ಎಳನೀರು ಕುಡಿಯಿರಿ, ಅಲ್ಲಿಯ ತರಕಾರಿ ಕೊಳ್ಳಿ. ಮರದ ಕೆಳಗೆ ಚಪ್ಪಾಳೆ ತಟ್ಟಿ ಹಕ್ಕಿ ಹಾರಿಸಿ ಫೋಟೋ ತೆಗೆಯುವವರನ್ನು ಕಂಡರೆ ಗದರಿಸಿ, ನನ್ನ ಹೆಸರು ಹೇಳಿಕೊಂಡೇ ಗದರಿಸಿ.

ತಿರುಗಿ ಬರುವಷ್ಟರಲ್ಲಿ ಜಗಲಿಯ ಮೇಲೆ ನಮ್ಮತ್ತೆಯವರೂ ಆ ಅಜ್ಜಿಯೂ ಹಳೆಯ ಗೆಳತಿಯರಾಗಿದ್ದರು. ಯಾರಿಗೆ ಎಷ್ಟು ಬಾಣಂತನ, ಎಷ್ಟು ಉಳಿದವು, ಎಷ್ಟು ಹೋದವು ಎಂಬ ಲೆಕ್ಕ ನಡೆದಿತ್ತು. ಅತ್ತೆಯವರು ತಮ್ಮ ಮೊದಲ ಮಗುವಿನ ಮಾತು ಹೇಳುತ್ತಿದ್ದರು. ಹದಿನಾಲ್ಕು ದಿನ ಬದುಕಿದ್ದ ಮಗುವಂತೆ. ಮದುವೆಯಾಗಿ ಈ ಮನೆಗೆ ಬಂದು ಇಪ್ಪತ್ತೆಂಟು ವರ್ಷವಾಯಿತು, ನಾನು ಆ ವಿಷಯ ಕೇಳಿದ್ದು ಅದೇ ಮೊದಲು. ಅವರ ಮಗಳಾದ ನನ್ನ ನಾದಿನಿಗೂ ಗೊತ್ತಿರಲಿಲ್ಲ. ನಾವಿಬ್ಬರೂ ಏನೂ ಮಾತಾಡದೆ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚಿದೆವು. ಅಜ್ಜಿ ಒಳಗಿನಿಂದ ಹುರಿದ ಹುಣಿಸೆಬೀಜ ತಂದು ನಮ್ಮ ಅಂಗೈಗೆ ಹಾಕಿದರು, ನೆಲಕ್ಕೆ ತಾವೇ ಉದುರಿದ ಹಣ್ಣಿನದಂತೆ.

ಬುತ್ತಿಯ ಮಾತು ಬಂತು, ಹೇಳಿಬಿಡುತ್ತೇನೆ. ಬಿಸಿಲಿನ ದಿನದ ತಿರುಗಾಟಕ್ಕೆ ಪುಳಿಯೋಗರೆಯೂ ಮೊಸರನ್ನವೂ ಸಾಕು. ಪುಳಿಯೋಗರೆ ಎಲ್ಲರಿಗೂ ಗೊತ್ತು. ಮೊಸರನ್ನ ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ ಎನ್ನುವವರು ಹೀಗೆ ಮಾಡಿ. ಒಂದು ಪಾವು ಅಕ್ಕಿಗೆ ನೀರು ಸ್ವಲ್ಪ ಹೆಚ್ಚಿಟ್ಟು ಮೆತ್ತಗೆ ಅನ್ನ ಮಾಡಿ, ಬಿಸಿಯಿರುವಾಗಲೇ ಸೌಟಿನಿಂದ ಮಿದಿಯಿರಿ. ಅದಕ್ಕೆ ಕಾಯಿಸಿದ ಹಾಲು ಧಾರಾಳವಾಗಿ ಹಾಕಿ, ಅನ್ನ ಹಾಲಿನಲ್ಲಿ ತೇಲುವಷ್ಟು. ಉಗುರುಬೆಚ್ಚಗಾದ ಮೇಲೆ ಎರಡೇ ಚಮಚ ಮೊಸರು, ಉಪ್ಪು. ಸಾಸಿವೆ, ಇಂಗು, ಶುಂಠಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ. ಬೆಳಗ್ಗೆ ಆರಕ್ಕೆ ಕಲಸಿದರೆ ಬಸ್ಸಿನಲ್ಲಿ ಕುಲುಕಿಕೊಂಡು ಹೋಗಿ ಹನ್ನೆರಡಕ್ಕೆ ಹದವಾದ ಮೊಸರನ್ನವಾಗಿರುತ್ತದೆ. ಸೌತೆಕಾಯಿ ಮೊದಲೇ ಬೆರೆಸಬೇಡಿ, ನೀರು ಬಿಡುತ್ತದೆ. ಬಾಳೆಲೆ ಒಯ್ಯಿರಿ, ಪ್ಲಾಸ್ಟಿಕ್ ತಟ್ಟೆ ಒಯ್ದು ಅಲ್ಲೇ ಬಿಟ್ಟು ಬರಬೇಡಿ.

ಬಟ್ಟೆ ಮಾಸಲು ಬಣ್ಣದ್ದಿರಲಿ. ಹಕ್ಕಿ ನೋಡಲು ಹೋಗುವಾಗ ಜರಿ ಸೀರೆ, ಗಾಜಿನ ಬಳೆಯ ಸದ್ದು, ಸೆಂಟು ಯಾವುದೂ ಬೇಡ. ಛತ್ರಿ ಮಾತ್ರ ಇರಲಿ, ಬಿಸಿಲಿಗೂ ಆಯಿತು, ಮೇಲಿಂದ ಬೀಳುವುದಕ್ಕೂ ಆಯಿತು! ದುರ್ಬೀನು ಇಲ್ಲದಿದ್ದರೂ ನಡೆಯುತ್ತದೆ. ಕತ್ತಲಿರುವಾಗ ನಿರ್ಜನ ಜಾಗಕ್ಕೆ ಒಬ್ಬರೇ ಹೋಗಬೇಡಿ, ಇಬ್ಬರು ಮೂವರು ಸೇರಿ. ಮಂಡಿನೋವಿನವರು ಕೂರಲು ಜಾಗವಿರುವ ಕೆರೆಯನ್ನೇ ಆರಿಸಿಕೊಳ್ಳಿ.

ಇಷ್ಟು ದೂರ ಆಗದವರಿಗೆ ಶ್ರೀರಂಗಪಟ್ಟಣದ ಪಕ್ಕ ರಂಗನತಿಟ್ಟು ಇದ್ದೇ ಇದೆ. 1940ರಲ್ಲಿ, ಸಲೀಂ ಅಲಿಯವರ ಮಾತಿನ ಮೇಲೆ ಮೈಸೂರು ಅರಸರು ಪಕ್ಷಿಧಾಮ ಮಾಡಿದ ಜಾಗ. 2022ರಲ್ಲಿ ರಾಮ್‌ಸರ್ ಪಟ್ಟಿಗೂ ಸೇರಿತು, ನಮ್ಮ ರಾಜ್ಯದಿಂದ ಮೊದಲನೆಯದು. ದೋಣಿಯಲ್ಲಿ ಕೂತು ಹೋದರೆ ಗೂಡುಗಳ ಪಕ್ಕದಲ್ಲೇ ಹಾಯಬಹುದು, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯನ್ನೂ ನೋಡಬಹುದು. ಭಾನುವಾರ ಮಾತ್ರ ಹೋಗಬೇಡಿ, ಹಕ್ಕಿಗಿಂತ ಜನವೇ ಹೆಚ್ಚು.

ಹಾಸನದ ಸೋದರಿಗೆ ಒಂದು ಮಾತು. ಮೊದಲ ದಿನ ಬೀದಿ ಕೊನೆಯ ಹೊಂಗೆಮರದವರೆಗೆ ಮಾತ್ರ ಹೋಗಿ ಬನ್ನಿ, ಬರಿಗೈಯಲ್ಲಿ. ಯಾರಾದರೂ ಕೇಳಿದರೆ ಮರದ ಹೆಸರು ಹೇಳಿ. ನಾಲ್ಕು ಮನೆಯವರ ಪೈಕಿ ಒಬ್ಬರಾದರೂ ಚೀಲ ಹಿಡಿದು ಸೊಪ್ಪಿಗೆ ಹೊರಟ ನಿಮ್ಮಂಥವರೇ ಇರುತ್ತಾರೆ, ಅವರನ್ನು ಕರೆಯಿರಿ. ಯಜಮಾನರ ನೆನಪು ದಾರಿಯಲ್ಲಿ ಬಂದರೆ ಬರಲಿ. ಕಣ್ಣು ತುಂಬಿದರೂ ತಡೆಯಬೇಡಿ. ಸಂತೋಷವಾದರೆ ಅದನ್ನೂ ತಡೆಯಬ್ಯಾಡ್ರಿ. ಏನೇನು ಕಂಡಿತೆಂದು ಮುಂದಿನ ಕಾಗದದಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.

ಮೈಸೂರು, ನಂಜನಗೂಡಿನ ಓದುಗರಿಗೆ ಇನ್ನೊಂದು ಅವಸರದ ಸುದ್ದಿ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾದ ಕಡೆಯವು, ಹಿಮಾಲಯವನ್ನೇ ದಾಟಿ ಬರುವಂಥವು. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟಿ ಇರುತ್ತದೆ, ಗುರುತು ತಪ್ಪುವುದಿಲ್ಲ. ಹಗಲು ಕೆರೆಯಲ್ಲಿ ತೇಲುತ್ತ, ತೂಕಡಿಸುತ್ತ ಇರುತ್ತವೆ. ಬಿಸಿಲು ಏರುತ್ತ ಬಂದಂತೆ ಗುಂಪು ಗುಂಪಾಗಿ ಉತ್ತರಕ್ಕೆ ಹೊರಡುತ್ತವೆ, ಮಾರ್ಚ್ ಮುಗಿಯುವ ಹೊತ್ತಿಗೆ ಕೆರೆ ಖಾಲಿ. ನೋಡಬೇಕೆನ್ನುವವರು ಮಗಳ ಪರೀಕ್ಷೆ ಮುಗಿಯಲಿ ಎಂದು ಕಾಯದೆ ಈ ವಾರವೇ ಹೋಗಿ ಬನ್ನಿ.